ಕ್ಯಾಂಪರ್ ಟ್ರೇಲರ್‌ಗೆ ಮ್ಯೂಸಿಕ್ ಸಿಸ್ಟಂ ಹಾಕಿಸುವವರು ಹಣ ಕೊಡುವ ಮೊದಲು ಇದನ್ನು ಓದಿ

ಕಾರಿನ ಅಥವಾ ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪರ್ ಟ್ರೇಲರ್ ಇಟ್ಟುಕೊಂಡಿರುವ, ಇಲ್ಲವೇ ಮಾಡಿಸಬೇಕೆಂದಿರುವ ಹಾಸನ, ಚಿಕ್ಕಮಗಳೂರು ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರೇಲರ್‌ಗೆ ರೇಡಿಯೊ, ಸ್ಪೀಕರ್, ಟಿ.ವಿ. ಕೂರಿಸುವುದೂ ಕಾರಿಗೆ ಸ್ಟೀರಿಯೊ ಹಾಕುವುದೂ ಒಂದೇ ಕೆಲಸವೆಂದು ತಿಳಿದಿರುವವರ ಕೈಗೆ ದಯವಿಟ್ಟು ನಿಮ್ಮ ಗಾಡಿಯನ್ನು ಒಪ್ಪಿಸಬೇಡಿ. ಹಾಗೆ ನಡೆದ ಕೆಲಸದಿಂದ ನಮ್ಮ ಟ್ರೇಲರ್‌ನ ಮಂಚದ ಕೆಳಗೆ ಬೆಂಕಿ ಹತ್ತಿತು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಅದೇ ಮಂಚದ ಮೇಲೆ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಹಾಗಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ನಾನೂ ನನ್ನ ಅಣ್ಣನೂ ಸೇರಿ ಮಾಡಿಸಿದ ಗಾಡಿ ಅದು. ಕಬ್ಬಿಣದ ಚಾಸಿ, ಪ್ಲೈವುಡ್ಡಿನ ನೆಲ, ಫೈಬರ್‌ನ ಗೋಡೆ ಮತ್ತು ಚಾವಣಿ, ಮುಂಭಾಗದ ಪೆಟ್ಟಿಗೆಯಲ್ಲಿ 100 ಎಎಚ್‌ನ ಲೆಡ್-ಆಸಿಡ್ ಬ್ಯಾಟರಿ (ಎಎಚ್ ಎಂದರೆ ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ), ಮೇಲೊಂದು ಸೋಲಾರ್ ಪ್ಯಾನೆಲ್. ಹಾಸನದ ಒಂದು ಕಾರ್ ಡೆಕಾರ್ ಅಂಗಡಿಯವರು ಅದಕ್ಕೆ ಟಚ್‌ಸ್ಕ್ರೀನ್ ಸೆಟ್, ನಾಲ್ಕು ಸ್ಪೀಕರ್, ಆಂಪ್ಲಿಫೈಯರ್, ಆ್ಯಂಟೆನಾ ಎಲ್ಲವನ್ನೂ ಹಾಕಿಕೊಟ್ಟರು. ಅಂಗಡಿಯ ಹೆಸರು ಇಲ್ಲಿ ಬೇಡ. ಇಂಥ ಕೆಲಸ ಯಾವ ಊರಿನ ಅಂಗಡಿಯಲ್ಲೂ ನಡೆಯಬಹುದು. ಗಾಡಿಯನ್ನು ಬಿಡಿಸಿಕೊಳ್ಳುವಾಗ ಅಣ್ಣ, ಬ್ಯಾಟರಿಯ ಹತ್ತಿರ ಫ್ಯೂಸ್ ಎಲ್ಲಿದೆ ಎಂದು ಕೇಳಿದ. "ಸೆಟ್ ಹಿಂದೇನೇ ಫ್ಯೂಸ್ ಐತೆ ಸಾರ್, ಕಾರಿಗೆಲ್ಲ ಹಿಂಗೇ ಹಾಕೋದು, ಏನೂ ಆಗಲ್ಲ" ಎಂಬ ಉತ್ತರ ಬಂತು. ಬಿಲ್ಲಿನಲ್ಲಿ "ಮ್ಯೂಸಿಕ್ ಸಿಸ್ಟಂ ಫಿಟ್ಟಿಂಗ್" ಎಂಬ ಒಂದೇ ಸಾಲಿತ್ತು.

ಕಾರಿಗೂ ಟ್ರೇಲರ್‌ಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಕಾರಿನಲ್ಲಿ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬುತ್ತಿರುತ್ತದೆ. ಟ್ರೇಲರ್‌ನ ಬ್ಯಾಟರಿಗೆ ಆ ಆಸರೆ ಇಲ್ಲ. ಕಾರಿನ ಮೈ ಪೂರ್ತಿ ಲೋಹ. ನಮ್ಮ ಟ್ರೇಲರ್‌ನದು ಫೈಬರ್. ಎಲ್ಲಕ್ಕಿಂತ ಮುಖ್ಯವಾಗಿ, ಕಾರಿನಲ್ಲಿ ತಂತಿ ಸುಟ್ಟರೆ ಓಡಿಸುವವರ ಮೂಗಿಗೆ ತಕ್ಷಣ ವಾಸನೆ ಬಡಿಯುತ್ತದೆ, ಆದರೆ ಟ್ರೇಲರ್ ರಸ್ತೆಯ ಮೇಲಿರುವಾಗ ಅದರೊಳಗೆ ಯಾರೂ ಇರುವುದಿಲ್ಲ.

ಮೊದಲು ಕೆಟ್ಟದ್ದು ಬ್ಯಾಟರಿ. ಕಾರಿನ ಸೆಟ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಹಳದಿ ತಂತಿಯು ಗಡಿಯಾರ ಮತ್ತು ಚಾನೆಲ್‌ಗಳ ನೆನಪಿಗಾಗಿ ಬ್ಯಾಟರಿಗೆ ಸದಾ ಜೋಡಣೆಯಾಗಿರಬೇಕಾದದ್ದು, ಕೆಂಪು ತಂತಿಯು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಪಡೆದು ಸೆಟ್ಟನ್ನು ಎಚ್ಚರಿಸಬೇಕಾದದ್ದು, ಕಪ್ಪು ತಂತಿಯು ನೆಗೆಟಿವ್. ಟ್ರೇಲರ್‌ನಲ್ಲಿ ಕೀ ಎಂಬುದೇ ಇಲ್ಲವಾದ್ದರಿಂದ ಅಂಗಡಿಯವರು ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಹೊಸೆದು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರು. ಪರದೆ ಆರಿಸಿದರೂ ಆಂಡ್ರಾಯ್ಡ್ ಸೆಟ್ ಒಳಗೊಳಗೇ ಎಚ್ಚರವಾಗಿದ್ದು ಕರೆಂಟ್ ಎಳೆಯುತ್ತಲೇ ಇರುತ್ತಿತ್ತು. ಲೆಕ್ಕ ಸುಲಭ: ಸದಾ ಅರ್ಧ ಆಂಪಿಯರ್ ಎಳೆಯುತ್ತಿದ್ದರೂ ದಿನಕ್ಕೆ 12 ಎಎಚ್ ಖಾಲಿಯಾಗುತ್ತದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬುದು ಸಾಮಾನ್ಯ ನಿಯಮ. ಹಾಗಾಗಿ 100 ಎಎಚ್‌ನಲ್ಲಿ ನಮಗೆ ಬಳಕೆಗೆ ಸಿಗುವುದು 50 ಎಎಚ್ ಮಾತ್ರ. ಪ್ಯಾನೆಲ್‌ಗೆ ಬಿಸಿಲು ಬೀಳದ ಶೆಡ್ಡಿನಲ್ಲಿ ಗಾಡಿ ನಿಂತಿದ್ದರೆ, ಯಾರೂ ಒಂದು ಹಾಡನ್ನೂ ಕೇಳದೆ, ನಾಲ್ಕೇ ದಿನದಲ್ಲಿ ಅದಷ್ಟೂ ಮುಗಿಯುತ್ತದೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.7 ವೋಲ್ಟ್ ತೋರಿಸಬೇಕು, ಅರ್ಧಕ್ಕೆ ಇಳಿದಾಗ ಸುಮಾರು 12.1. ನಮ್ಮದು ಪದೇ ಪದೇ ಅದಕ್ಕಿಂತ ಬಹಳ ಕೆಳಗೆ ಹೋಗಿ, ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಚಾರ್ಜ್ ಹಿಡಿಯುವುದನ್ನೇ ಬಿಟ್ಟಿತು. ಕೆಂಪು ತಂತಿಯ ನಡುವೆ ಒಂದು ಸಾಧಾರಣ ಸ್ವಿಚ್ ಹಾಕಿದ್ದರೆ ಸಾಕಿತ್ತು. ಗಾಡಿ ನಿಲ್ಲಿಸಿಡುವಾಗ ಎಲ್ಲವನ್ನೂ ಕಡಿಯುವ ಮೇನ್ ಸ್ವಿಚ್ ಒಂದಿದ್ದರೆ ಇನ್ನೂ ಒಳ್ಳೆಯದು.

ಬ್ಯಾಟರಿ ಬದಲಿಸಿದ ನಂತರವೇ ಬೆಂಕಿಯ ಘಟನೆ ನಡೆದದ್ದು. ಬೇಲೂರು ದಾಟಿ ಮೂಡಿಗೆರೆಯ ಮೂಲಕ 73ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಾರ್ಮಾಡಿ ಕಡೆಗೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸಿ, ಮಕ್ಕಳ ಸ್ವೆಟರ್ ತೆಗೆದುಕೊಳ್ಳಲೆಂದು ಟ್ರೇಲರ್‌ನ ಬಾಗಿಲು ತೆರೆದರೆ ಪ್ಲಾಸ್ಟಿಕ್ ಸುಟ್ಟ ವಾಸನೆಯೊಂದಿಗೆ ಹೊಗೆ ಮುಖಕ್ಕೆ ರಾಚಿತು. ಮಂಚದ ಹಲಗೆ ಎತ್ತಿದಾಗ ಪ್ಲೈವುಡ್ಡಿನ ಅಂಚಿನಲ್ಲಿ ಉರಿ ಕಾಣುತ್ತಿತ್ತು, ಫೋಮ್ ಹಾಸಿಗೆಯ ತಳ ಕರಗತೊಡಗಿತ್ತು. ಅಣ್ಣ ಸ್ಪ್ಯಾನರ್ ತಂದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದ. ನಾನು ಕುಡಿಯುವ ನೀರಿನ ಕ್ಯಾನನ್ನು ಹಲಗೆಯ ಮೇಲೆ ಸುರಿದೆ. ಸ್ವೆಟರ್ ಬೇಕಾಗದಿದ್ದರೆ ಘಾಟಿ ಇಳಿದು ಮುಗಿಯುವವರೆಗೆ ಆ ಬಾಗಿಲನ್ನು ಯಾರೂ ತೆರೆಯುತ್ತಿರಲಿಲ್ಲ.

ಮೂಡಿಗೆರೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮಾರನೆಯ ದಿನ ಎಲ್ಲವನ್ನೂ ಬಿಚ್ಚಿ ತೋರಿಸಿದರು. ಬ್ಯಾಟರಿಯಿಂದ ಸೆಟ್‌ಗೆ ಹೋಗುವ ಪಾಸಿಟಿವ್ ತಂತಿಯನ್ನು ಚಾಸಿಯ ಕಬ್ಬಿಣದಲ್ಲಿ ಕೊರೆದ ತೂತಿನೊಳಗಿಂದ, ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ (ಗ್ರಾಮೆಟ್) ಕೂಡ ಹಾಕದೆ, ಹಾಗೇ ತೂರಿಸಿ ಎಳೆದಿದ್ದರು. ರಸ್ತೆಯ ಕುಲುಕಾಟಕ್ಕೆ ತೂತಿನ ಅಂಚು ಅದರ ಮೇಲಿನ ಪ್ಲಾಸ್ಟಿಕ್ಕನ್ನು ಸವೆಸಿತ್ತು. ಕಾರಿನಲ್ಲಿ ಮಾಡುವಂತೆ ಬ್ಯಾಟರಿಯ ನೆಗೆಟಿವ್ ಅನ್ನು ಚಾಸಿಗೆ ಕಟ್ಟಿದ್ದರಿಂದ, ಪಾಸಿಟಿವ್ ತಂತಿ ಕಬ್ಬಿಣಕ್ಕೆ ತಾಗಿದ ಕ್ಷಣವೇ ಶಾರ್ಟ್ ಆಯಿತು. ಸೆಟ್ ಹಿಂದಿದ್ದ ಫ್ಯೂಸ್ ಈ ಶಾರ್ಟ್‌ಗೆ ಏನನ್ನೂ ಮಾಡಲಾರದು, ಏಕೆಂದರೆ ಶಾರ್ಟ್ ಆದದ್ದು ಬ್ಯಾಟರಿಗೂ ಫ್ಯೂಸ್‌ಗೂ ನಡುವೆ. ಇಂಥ ಬ್ಯಾಟರಿಯು ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸಬಲ್ಲದು, ಸಣ್ಣ ತಂತಿ ಕ್ಷಣಗಳಲ್ಲಿ ಕೆಂಪಗೆ ಕಾಯುತ್ತದೆ. ಬ್ಯಾಟರಿಯ ಬಳಿ ಹಾಕುವ ಫ್ಯೂಸ್ ಇರುವುದು ಸೆಟ್ಟನ್ನು ಉಳಿಸಲಿಕ್ಕಲ್ಲ, ತಂತಿಯನ್ನು ಉಳಿಸಲಿಕ್ಕೆ. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಅದು ಇರಲೇಬೇಕು, ಅದರ ಆಂಪಿಯರ್ ತಂತಿಯ ದಪ್ಪಕ್ಕೆ ತಕ್ಕಂತಿರಬೇಕು. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

"ಅಣ್ಣಾ, ಇದು ಸ್ಪೀಕರ್‌ಗೆ ಎಳೆಯೋ ವೈರು, ಬ್ಯಾಟರಿಗೆ ಹಾಕೋದಲ್ಲ" ಎಂದು ಹೇಳಿ ಅವರು ಬ್ಲೇಡಿನಿಂದ ತಂತಿಯ ಒಂದೊಂದು ಎಳೆಯನ್ನೂ ಕೆರೆದು ತೋರಿಸಿದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ತಾಮ್ರದ ಲೇಪವಿರುವ ಈ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಅದರ ಪ್ರತಿರೋಧ ಸುಮಾರು ಒಂದೂವರೆ ಪಟ್ಟು ಹೆಚ್ಚು, ಮಲೆನಾಡಿನ ತೇವದಲ್ಲಿ ತುದಿಗಳು ಬೇಗ ಕಿಲುಬು ಹಿಡಿಯುತ್ತವೆ. ದಪ್ಪದ ವಿಷಯದಲ್ಲೂ ಮೋಸವಾಗದಂತೆ ನೋಡಿಕೊಳ್ಳಿ. ಬ್ಯಾಟರಿಯಿಂದ ಸೆಟ್‌ಗೆ 6 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 12 ಮೀಟರ್ ಆಗುತ್ತದೆ. ಶುದ್ಧ ತಾಮ್ರವೇ ಆದರೂ 1 ಚದರ ಮಿಲಿಮೀಟರ್‌ನ ತಂತಿಯಲ್ಲಿ 10 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಕಳೆಯುವುದು ಅರ್ಧ ವೋಲ್ಟ್ ಮಾತ್ರ. ವಾಲ್ಯೂಮ್ ಏರಿಸಿದಾಗಲೆಲ್ಲ ನಮ್ಮ ಸೆಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದದ್ದು ಈ ಕಾರಣಕ್ಕೆ. ಅಂಗಡಿಯವರು ಅದನ್ನು ಬ್ಯಾಟರಿಯ ದೋಷವೆಂದು ಹೇಳಿ ಕಳುಹಿಸಿದ್ದರು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ವ್ಯಾಟ್‌ಗಳನ್ನು ನಂಬಿ ಸೆಟ್ ಆರಿಸಬೇಡಿ. ಸೆಟ್‌ನ ಫ್ಯೂಸ್ 10 ಆಂಪಿಯರ್ ಇದ್ದರೆ, ಚಾರ್ಜ್ ಆಗುತ್ತಿರುವ ಬ್ಯಾಟರಿಯ 14.4 ವೋಲ್ಟ್‌ನಲ್ಲೂ ಒಳಗೆ ಹೋಗುವುದೇ 144 ವ್ಯಾಟ್, ಅದರಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಹೀಗಿರುವಾಗ ನಾಲ್ಕು ಸ್ಪೀಕರ್‌ಗೂ ತಲಾ 50 ವ್ಯಾಟ್ ನಿರಂತರವಾಗಿ ಎಲ್ಲಿಂದ ಬಂದೀತು? ಆರ್‌ಎಂಎಸ್ ಎಂದು ಬರೆದಿರುವ, ಅಂದರೆ ನಿರಂತರವಾಗಿ ಸಿಗುವ ವ್ಯಾಟ್‌ನ ಅಂಕಿಯನ್ನಷ್ಟೇ ನೋಡಿ. ಮಂಚ, ಕಪಾಟು, ಒಲೆ ಸೇರಿದ ಒಂದು ಪುಟ್ಟ ಕೋಣೆಗೆ ಸೆಟ್‌ನಲ್ಲೇ ಇರುವ ಶಕ್ತಿ ಧಾರಾಳವಾಗಿ ಸಾಕು. ಬೇರೆ ಆಂಪ್ಲಿಫೈಯರ್ ಎಂದರೆ ಬೇರೆ ದಪ್ಪ ತಂತಿ, ಬೇರೆ ಫ್ಯೂಸ್, ಬೇರೆ ಶಾಖ, ಇನ್ನಷ್ಟು ಬೇಗ ಇಳಿಯುವ ಬ್ಯಾಟರಿ.

ಅಂದಹಾಗೆ, ನಮ್ಮ ಆಂಪ್ಲಿಫೈಯರನ್ನು ಬ್ಯಾಟರಿ ಇದ್ದ ಪೆಟ್ಟಿಗೆಯಲ್ಲೇ, ಗಾಳಿಯಾಡದಂತೆ ಮುಚ್ಚಿ ಇಟ್ಟಿದ್ದರು. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇ. 4ಕ್ಕೆ ಮುಟ್ಟಿದರೆ ಒಂದು ಕಿಡಿಗೂ ಹೊತ್ತಿಕೊಳ್ಳಬಲ್ಲದು. ಬ್ಯಾಟರಿ ಪೆಟ್ಟಿಗೆಗೆ ಹೊರಗೆ ತೆರೆದುಕೊಳ್ಳುವ ಗಾಳಿಕಿಂಡಿ ಇರಬೇಕು, ಅದರೊಳಗೆ ಬೇರೆ ಯಾವ ಎಲೆಕ್ಟ್ರಾನಿಕ್ ವಸ್ತುವೂ ಇರಬಾರದು.

ಇನ್ನು ರೇಡಿಯೊ. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಹಾಸನ ಆಕಾಶವಾಣಿ, 102.2 ಮೆಗಾಹರ್ಟ್ಸ್. ಅಂಗಡಿಯವರು ಚಾವಣಿಯ ನಡುವೆ ತೂತು ಕೊರೆದು ಕಾರಿನ ಆ್ಯಂಟೆನಾವೊಂದನ್ನು ನಿಲ್ಲಿಸಿದರು. ಎಫ್‌ಎಂ ತರಂಗದ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್‌ನ ಕಡ್ಡಿ ಕಾರಿನ ಮೇಲೆ ಚೆನ್ನಾಗಿ ಕೆಲಸ ಮಾಡುವುದಕ್ಕೆ ಕಾರಣ ಅದರ ಕೆಳಗಿರುವ ಲೋಹದ ಮೈ, ಅದೇ ಆ್ಯಂಟೆನಾದ ಇನ್ನರ್ಧದಂತೆ ಕೆಲಸ ಮಾಡುತ್ತದೆ. ಫೈಬರ್ ಚಾವಣಿಯ ಮೇಲೆ ಆ ಅರ್ಧ ಭಾಗವೇ ಇಲ್ಲ. ಸಾಲದ್ದಕ್ಕೆ, ಅವರು ಕೊಟ್ಟ ಆ್ಯಂಟೆನಾದ ಬುಡದಲ್ಲಿ ಸಣ್ಣ ಬೂಸ್ಟರ್ ಇತ್ತು, ಅದಕ್ಕೆ ಕರೆಂಟ್ ಕೊಡಬೇಕಾದ ಸೆಟ್‌ನ ನೀಲಿ ತಂತಿಯನ್ನು ಜೋಡಿಸಿರಲೇ ಇಲ್ಲ. ಹಾಸನದಲ್ಲಿ ಕೇಳಿದ್ದು ಸಕಲೇಶಪುರದ ಗುಡ್ಡಗಳ ನಡುವೆ ಬರೀ ಗೊರಗೊರ ಸದ್ದಾಯಿತು. ಗುಡ್ಡ ಅಡ್ಡ ಬಂದರೆ ಎಫ್‌ಎಂ ಕುಗ್ಗುವುದು ಸಹಜ, ಮಧ್ಯಮ ತರಂಗ (ಎಎಂ) ಮಾತ್ರ ನೆಲವನ್ನು ಹಿಡಿದು ಗುಡ್ಡ ಬಳಸಿಯೂ ಬರುತ್ತದೆ. ಆದ್ದರಿಂದ ಬೆಂಗಳೂರಿನ 612 ಕಿಲೋಹರ್ಟ್ಸ್‌ನಂಥ ಕೇಂದ್ರ ಬೇಕೆನ್ನುವವರು, ಕೊಳ್ಳುವ ಸೆಟ್‌ನಲ್ಲಿ ಎಎಂ ಇದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಬೇಕು.

ಆ ತೂತಿನಿಂದಾದ ನಷ್ಟ ರೇಡಿಯೊ ಕೇಳದಿದ್ದುದಕ್ಕಿಂತ ದೊಡ್ಡದು. ಸುತ್ತ ಬಳಿದಿದ್ದ ಸಾಮಾನ್ಯ ಸಿಲಿಕೋನ್ ಗಾಡಿಯ ಅಲುಗಾಟಕ್ಕೆ ಬಿರುಕು ಬಿಟ್ಟು, ಆಷಾಢದ ಮಳೆಯ ನೀರು ಒಳಗಿನ ಪ್ಲೈವುಡ್ಡಿಗೆ ಇಳಿಯಿತು. ಹಲಗೆ ಉಬ್ಬಿತು, ಸ್ಪೀಕರ್‌ಗಳ ಕಾಗದದ ಕೋನ್ ಬೂಷ್ಟು ಹಿಡಿಯಿತು. ಸಿಲಿಕೋನ್ ಬಳಿದ ಜಾಗದ ಮೇಲೆ ಬೇರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅದನ್ನೆಲ್ಲ ಕೆರೆದು ತೆಗೆದು ನೀರು ತಡೆಯುವ ಬ್ಯುಟೈಲ್ ಟೇಪ್ ಹಾಕಿಸಬೇಕಾಯಿತು. ನನಗೆ ಹೆಚ್ಚು ಬೇಸರವಾದದ್ದು, ಆ ತೂತೇ ಬೇಕಿರಲಿಲ್ಲ ಎಂಬುದು ತಿಳಿದಾಗ. ಫೈಬರ್ ರೇಡಿಯೊ ತರಂಗವನ್ನು ತಡೆಯುವುದಿಲ್ಲ. ಸುಮಾರು ಒಂದೂವರೆ ಮೀಟರ್ ಉದ್ದದ ಡೈಪೋಲ್ (ಎರಡು ತೋಳಿನ ಆ್ಯಂಟೆನಾ) ತಂತಿಯನ್ನು ಕಪಾಟಿನ ಹಿಂದೆ ಒಳಗೋಡೆಗೇ ಅಂಟಿಸಿದರೆ ಸಾಕು, ಅದಕ್ಕೆ ಕೆಳಗೆ ಲೋಹವೂ ಬೇಕಿಲ್ಲ. ಈಗ ನಮ್ಮ ಗಾಡಿಯಲ್ಲಿರುವುದು ಅದೇ. ಅಲ್ಯೂಮಿನಿಯಂ ಹೊದಿಕೆಯ ಟ್ರೇಲರ್ ಇರುವವರು ಆ್ಯಂಟೆನಾವನ್ನು ಹೊರಗೇ ಇಡಬೇಕಾಗುತ್ತದೆ. ಅವರು ಚಾವಣಿಯನ್ನು ಬಿಟ್ಟು ಪಕ್ಕದ ಗೋಡೆಯಲ್ಲಿ, ತಂತಿ ಕೆಳಗಿಂದ ಬಾಗಿ ಮೇಲೇರಿ ಒಳಗೆ ಹೋಗುವಂತೆ ಹಾಕಿಸಲಿ. ಎಲ್ಲ ಸರಿಯಿದ್ದೂ ಸದ್ದು ಬರುತ್ತಿದ್ದರೆ ಸೋಲಾರ್ ಚಾರ್ಜ್ ಕಂಟ್ರೋಲರ್, ಅಗ್ಗದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಇವುಗಳನ್ನು ಒಂದೊಂದಾಗಿ ಆರಿಸಿ ನೋಡಿ.

ಟಿ.ವಿ. ಬೇಕೆನ್ನುವವರು ಇನ್ವರ್ಟರ್ ಹಾಕಿ 230 ವೋಲ್ಟ್‌ನದನ್ನು ಓಡಿಸುವುದಕ್ಕಿಂತ 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವ ಸಣ್ಣದನ್ನು ಕೊಳ್ಳುವುದು ಮೇಲು. ಆದರೆ ಅದನ್ನೂ ಬ್ಯಾಟರಿಗೆ ನೇರ ಕೊಡಬೇಡಿ. ಸೋಲಾರ್ ಚಾರ್ಜ್ ಆಗುವಾಗ ವೋಲ್ಟೇಜ್ 14.4ಕ್ಕೆ ಏರುತ್ತದೆ, ಅದನ್ನು ಎಲ್ಲ ಟಿ.ವಿ.ಗಳೂ ತಾಳುವುದಿಲ್ಲ. ನಡುವೆ 12 ವೋಲ್ಟ್‌ನ ರೆಗ್ಯುಲೇಟರ್ ಇರಲಿ.

ಗಾಡಿಯ ಹೊರಗೋಡೆಗೂ ಎರಡು ಸ್ಪೀಕರ್ ಹಾಕಿಸಿ ಎಂದು ಅಂಗಡಿಯವರು ಒತ್ತಾಯಿಸಿದ್ದರು, ನಾವು ಒಪ್ಪಲಿಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಸುತ್ತಿನ ತೋಟಗಳಲ್ಲಿ ಆನೆ ಓಡಾಡುತ್ತದೆ. ಅಲ್ಲಿ ರಾತ್ರಿ ತಂಗುವವರಿಗೆ ಹೊರಗಿನ ಸದ್ದು ಕೇಳಿಸುತ್ತಿರಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತೆಯೂ ಇಲ್ಲ.

ಸುಟ್ಟ ತಂತಿಯನ್ನು ಹಿಡಿದುಕೊಂಡು ಅಂಗಡಿಗೆ ಹೋದಾಗ "ಕರೆಂಟ್ ಐಟಂಗೆ ಗ್ಯಾರಂಟಿ ಬರಲ್ಲ" ಎಂದು ಹೇಳಿ ಮಾತು ಮುಗಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೆಲಸದ ಲೋಪಕ್ಕೂ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಯಾವ ದಪ್ಪದ ತಂತಿ, ಎಲ್ಲಿ ಫ್ಯೂಸ್ ಎಂದು ಬರೆಯದ ಬಿಲ್ಲನ್ನು ಇಟ್ಟುಕೊಂಡು ಲೋಪವನ್ನು ತೋರಿಸುವುದು ಬಹಳ ಕಷ್ಟ. ಹಾಗಾಗಿ ತಂತಿಯ ದಪ್ಪ, ಶುದ್ಧ ತಾಮ್ರವೆಂಬ ಮಾತು, ಫ್ಯೂಸ್‌ನ ಜಾಗ ಮತ್ತು ಆಂಪಿಯರ್ ಇವಿಷ್ಟನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹಲಗೆ, ಗೋಡೆ ಮುಚ್ಚುವ ಮೊದಲು ತಂತಿ ಹೋಗಿರುವ ದಾರಿಯ ಫೋಟೊ ತೆಗೆದಿಡಿ.

ಗಾಡಿಯನ್ನು ಅಂಗಡಿಯಿಂದ ಹೊರಗೆ ತರುವ ಮುನ್ನ ಸೆಟ್, ದೀಪ, ಎಲ್ಲವನ್ನೂ ಆರಿಸಿ, ಸೋಲಾರ್ ಪ್ಯಾನೆಲ್ ಮುಚ್ಚಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಆ ತಂತಿಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಿ ನೋಡಿ. ಕೆಲವು ಮಿಲಿಆಂಪಿಯರ್ ತೋರಿಸಿದರೆ ಸರಿ. ಅರ್ಧ ಆಂಪಿಯರ್ ಹತ್ತಿರ ತೋರಿಸಿದರೆ ಹಳದಿ-ಕೆಂಪು ತಂತಿ ಬೇರ್ಪಡಿಸುವವರೆಗೆ ಬಾಕಿ ಹಣ ಕೊಡಬೇಡಿ. ಆಮೇಲೆ ಮೀಟರ್ ತೆಗೆದು, ನೆಗೆಟಿವ್ ತಂತಿಯನ್ನು ಮತ್ತೆ ಜೋಡಿಸಿ, ಸೆಟ್ ಹಾಕಿ, ಬ್ಯಾಟರಿಯ ಬಳಿಯ ಫ್ಯೂಸನ್ನು (ಆಂಪ್ಲಿಫೈಯರ್‌ಗೆ ಬೇರೆ ಫ್ಯೂಸ್ ಇದ್ದರೆ ಅದನ್ನೂ) ನಿಮ್ಮ ಕೈಯಿಂದಲೇ ಕಿತ್ತು ನೋಡಿ. ಸೆಟ್, ಆಂಪ್ಲಿಫೈಯರ್ ಎಲ್ಲವೂ ಆರಬೇಕು. ಯಾವುದಾದರೂ ಒಂದು ಇನ್ನೂ ಉರಿಯುತ್ತಿದ್ದರೆ ಫ್ಯೂಸ್ ಇಲ್ಲದ ತಂತಿಯೊಂದು ಗಾಡಿಯೊಳಗೆ ಉಳಿದಿದೆ ಎಂದೇ ಅರ್ಥ. ಅದು ಎಲ್ಲಿದೆ ಎಂದು ತೋರಿಸುವವರೆಗೆ ಗಾಡಿಯನ್ನು ಕೊಂಡಿಗೆ ಕಟ್ಟಬೇಡಿ.