ಬೇಕಲ ಕೋಟೆ: ಸಿನಿಮಾದ ಬೇಕಲವೇ ಬೇಕಾದರೆ ಮಳೆಗಾಲಕ್ಕೆ ಹೋಗಿ

ಕೇರಳದ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಬರುವ ಎಷ್ಟೋ ಮಂದಿಗೆ ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನಿಗಿಂತ ಮನೀಷಾ ಕೊಯಿರಾಲಾ ಓಡಿ ಬಂದ ಜಾಗ ಯಾವುದೆಂಬುದೇ ಮುಖ್ಯ. ಮಣಿರತ್ನಂ ಅವರ 1995ರ ‘ಬಾಂಬೆ’ಯ ‘ಉಯಿರೇ’ ಹಾಡು ಇಲ್ಲಿ ಚಿತ್ರೀಕರಣವಾಯಿತು. ಕ್ಯಾಮೆರಾ ರಾಜೀವ್ ಮೆನನ್ ಅವರದು. ಕಥೆಯ ಪ್ರಕಾರ ಅದು ತಮಿಳುನಾಡಿನ ಕರಾವಳಿ. ನಮ್ಮ ಬೇಕಲ ಅಲ್ಲಿ ಬೇರೆ ಊರಿನ ವೇಷ ಹಾಕಿದೆ, ಅಷ್ಟೆ.

ಡಿಸೆಂಬರ್ ರಜೆಯಲ್ಲಿ ಬಂದವರು ಹೆಚ್ಚಾಗಿ ಪೆಚ್ಚಾಗುತ್ತಾರೆ. ಹಾಡಿನಲ್ಲಿ ಕಂಡದ್ದು ಉಕ್ಕುವ ಕಡಲು, ಕಪ್ಪು ಮೋಡ, ನೆನೆದು ಕಪ್ಪಿಟ್ಟ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು). ಡಿಸೆಂಬರಿನಲ್ಲಿ ಕಡಲು ಸಪ್ಪಗಿರುತ್ತದೆ, ಹುಲ್ಲು ಒಣಗಿರುತ್ತದೆ, ಹನ್ನೊಂದು ಗಂಟೆಯ ಬಿಸಿಲಿಗೆ ಗೋಡೆಯ ಬಣ್ಣವೇ ಸತ್ತುಹೋಗುತ್ತದೆ. ಜೂನ್ ನಡುವಿನಿಂದ ಆಗಸ್ಟ್ ಕೊನೆಯೊಳಗೆ ಬನ್ನಿ. ಜಡಿಮಳೆ ಹೊಯ್ಯುವಾಗ ಏನೂ ಕಾಣದು. ಒಂದು ಮಳೆ ಬಿಟ್ಟು ಇನ್ನೊಂದು ಹಿಡಿಯುವ ನಡುವಿನ ಇಪ್ಪತ್ತು ನಿಮಿಷವೇ ನಿಮ್ಮದು. ಮೋಡ ಬೆಳಕನ್ನು ಹರಡುವುದರಿಂದ ಮುಖದ ಮೇಲೆ ಗಟ್ಟಿ ನೆರಳು ಬೀಳದು, ಕೆಂಪು ಕಲ್ಲಿನೆದುರು ಹಸಿರು ಎದ್ದು ಕಾಣುತ್ತದೆ.

ಕೋಟೆ 40 ಎಕರೆಯಷ್ಟಿದೆ. ಬಾಗಿಲ ಬಳಿಯ ಮುಖ್ಯಪ್ರಾಣ ಗುಡಿ ದಾಟಿದ ಮೇಲೆ ಎಲ್ಲರೂ ನಡುವಿನ ವೀಕ್ಷಣಾ ಗೋಪುರಕ್ಕೇ ನುಗ್ಗುತ್ತಾರೆ. ಒಳ್ಳೆಯ ಫ್ರೇಮು ಸಿಗುವುದು ಪಡುವಣದ, ಕಡಲಿಗೆ ಚಾಚಿದ ಕೊತ್ತಳದ ಕಡೆ. ಗೋಡೆಯ ಮೇಲಿನಿಂದ ಕೊತ್ತಳವನ್ನೂ ಅದರಾಚೆಯ ಅಲೆಗಳನ್ನೂ ಒಟ್ಟಿಗೆ ಹಿಡಿಯಿರಿ. ಕೊತ್ತಳಕ್ಕೇ ಇಳಿದುಬಿಟ್ಟರೆ ಚಿತ್ರದಲ್ಲಿ ಕೋಟೆಯೇ ಇರುವುದಿಲ್ಲ.

ತೊಂದರೆಗಳೂ ಇವೆ. ಮುರಕಲ್ಲಿಗೆ ಪಾಚಿ ಕಟ್ಟಿದರೆ ಸವೆದ ಚಪ್ಪಲಿ ನಿಲ್ಲದು. ಕೊಡೆ ಗಾಳಿಗೆ ತಿರುಗಿ ಮಡಚುತ್ತದೆ, ರೈನ್‌ಕೋಟೇ ಸರಿ. ಉಪ್ಪಿನ ಹನಿ ಲೆನ್ಸಿನ ಮೇಲೆ ಕೂತು ಚಿತ್ರ ಮಂಜಾಗುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಇನ್ನಷ್ಟು ಹರಡುತ್ತದೆ, ಮೊದಲು ಸ್ವಲ್ಪ ನೀರು ತಾಗಿಸಿದ ಬಟ್ಟೆಯಲ್ಲಿ ಒರೆಸಿ. ವಿಡಿಯೋದಲ್ಲಿ ಗಾಳಿಯ ಬುಸುಗುಟ್ಟುವಿಕೆ ಬಿಟ್ಟರೆ ಬೇರೇನೂ ಕೇಳದು. ಕೋಟೆ ಭಾರತೀಯ ಪುರಾತತ್ವ ಇಲಾಖೆಯದ್ದು. ಟ್ರೈಪಾಡಿಗೂ ಡ್ರೋನಿಗೂ ಮೊದಲೇ ಅನುಮತಿ ಬೇಕು. ಮದುವೆ ಫೋಟೋ ತೆಗೆಸುವವರು ಇದನ್ನು ಬಾಗಿಲಲ್ಲಿ ತಿಳಿದು ಜಗಳ ತೆಗೆದು ಫಲವಿಲ್ಲ.

ಕಾಸರಗೋಡಿನಿಂದ ಸುಮಾರು 16 ಕಿಲೋಮೀಟರ್. ಬಸ್ಸಾದರೆ ಚಂದ್ರಗಿರಿ ಸೇತುವೆ ದಾಟಿ ಉದುಮ, ಪಾಲಕುನ್ನು ಮೇಲೆ ಕಾಞಂಗಾಡಿಗೆ ಹೋಗುವುದನ್ನೇ ಹತ್ತಿ. ಚೆರ್ಕಳ, ಪೊಯಿನಾಚಿ ಮೂಲಕ ಹೆದ್ದಾರಿಯಲ್ಲಿ ಹೋಗುವ ಬಸ್ಸು ಬೇಕಲ ಮುಟ್ಟುವುದಿಲ್ಲ. ಸೂರ್ಯಾಸ್ತ ನೋಡಬೇಕಾದರೆ ಕೋಟೆ ಮುಚ್ಚುವ ಹೊತ್ತಿಗೆ ಪಕ್ಕದ ಪಳ್ಳಿಕ್ಕರೆ ಬೀಚಿಗೆ ಇಳಿಯಿರಿ. ಮಳೆಗಾಲದಲ್ಲಿ ಮಾತ್ರ ಆ ಆಸೆ ಬಿಡಿ.

ಬೇಸಿಗೆಗೇ ಬರಬೇಕಾಗಿ ಬಂದರೆ ಕೋಟೆಗಿಂತ ಒಳನಾಡಿನ ಪದವುಗಳೇ (ಎತ್ತರದ ಬೋಳು ಬಯಲುಗಳೇ) ಮೇಲು. ದಿಲೀಶ್ ಪೋತ್ತನ್ ಅವರ 2017ರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ಚಿತ್ರದ ಕಾಸರಗೋಡು ಅದು: ಒಣಮುಳಿ ಹುಲ್ಲು, ಬರಡು ನೆಲ, ನೀರಿನ ತಾಪತ್ರಯ. ಅಲ್ಲಿ ಜಿಲ್ಲೆ ತನ್ನ ಹೆಸರಿನಲ್ಲೇ ನಟಿಸಿದೆ. ಇನ್ನು ನಮ್ಮ ಕನ್ನಡದವರು ಕೇಳುವ ರಾಮಣ್ಣ ರೈ ಕೊಡುಗೆಯ ಶಾಲೆ. ರಿಷಬ್ ಶೆಟ್ಟಿ ಅವರ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರದ ಹೆಸರಿನಲ್ಲಿ ಕಾಸರಗೋಡು ಇದ್ದರೂ ಶಾಲೆ ಇರುವುದು ಗಡಿಯಾಚೆ, ದಕ್ಷಿಣ ಕನ್ನಡ ಜಿಲ್ಲೆಯ ಕೈರಂಗಳದಲ್ಲಿ. ಬೇಕಲದ ಆಟೋದವರಲ್ಲಿ ವಿಚಾರಿಸಿ ಪ್ರಯೋಜನವಿಲ್ಲ.

ಮಳೆಗಾಲದ ಬೇಕಲಕ್ಕೆ ಐದರಲ್ಲಿ ನಾಲ್ಕೂವರೆ ಅಂಕ. ಏಪ್ರಿಲ್ ಮಧ್ಯಾಹ್ನದ ಬೇಕಲಕ್ಕೆ ಎರಡು, ಅದೂ ಟೊಪ್ಪಿ ಇದ್ದರೆ.