ಟಿಎಚ್‌ಕ್ಯೂ ಆಟಗಳ ಡಿಜಿಟಲ್ ಆವೃತ್ತಿಗಳು: ಪ್ರಕಾಶಕ ಮುಳುಗಿದ, ಸರಕು ಉಳಿಯಿತು

‘ಡಾರ್ಕ್‌ಸೈಡರ್ಸ್’, ‘ರೆಡ್ ಫ್ಯಾಕ್ಷನ್: ಗೆರಿಲ್ಲಾ’, ‘ಟೈಟಾನ್ ಕ್ವೆಸ್ಟ್’, ‘ಕಂಪನಿ ಆಫ್ ಹೀರೋಸ್’, ‘ಮೆಟ್ರೋ 2033’ – ಈ ಆಟಗಳು ಇಂದು ಪಿಸಿ ಆಟಗಳ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಬೇರೆ ಬೇರೆ ಒಡೆಯರ ಹೆಸರಿನಲ್ಲಿ ಸಿಗುತ್ತವೆಯಾದರೂ, ಇವೆಲ್ಲವನ್ನೂ ಮೊದಲು ಹೊರತಂದದ್ದು ಕ್ಯಾಲಿಫೋರ್ನಿಯಾದ ಟಿಎಚ್‌ಕ್ಯೂ ಎಂಬ ಒಂದೇ ಪ್ರಕಾಶನ ಸಂಸ್ಥೆ. ಡಬ್ಬಿಯಲ್ಲಿ ಡಿಸ್ಕ್ ಇಟ್ಟು ಅಂಗಡಿಗಳಲ್ಲಿ ಮಾರುತ್ತ ಬೆಳೆದ ಈ ಸಂಸ್ಥೆ, ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲಿ ಡಿಜಿಟಲ್ ಮಾರಾಟದ ಕಡೆ ಹೊರಳಿ, ಆ ಹೊರಳುವಿಕೆಯ ನಡುವೆಯೇ ದಿವಾಳಿಯಾಯಿತು. ಹಾಗಾಗಿ ಈ ಆಟಗಳ ಇಂದಿನ ಆವೃತ್ತಿಗಳನ್ನು ಕೊಳ್ಳುವವರು ಆಟ ಹೇಗಿದೆ ಎಂದು ಕೇಳಿದರೆ ಸಾಲದು, ಅದು ಹರಾಜಿನಲ್ಲಿ ಯಾರ ಕೈ ಸೇರಿತು ಎಂದೂ ಕೇಳಬೇಕಾಗುತ್ತದೆ.

ಟಿಎಚ್‌ಕ್ಯೂಗೆ ಪೆಟ್ಟು ಬಿದ್ದದ್ದು ಆಟದಿಂದಲ್ಲ, ಗೋದಾಮಿನಿಂದ. 2010ರಲ್ಲಿ ನಿಂಟೆಂಡೊದ ವೀ ಎಂಬ ಆಟದ ಯಂತ್ರಕ್ಕಾಗಿ ತಂದ ‘ಯುಡ್ರಾ’ ಎಂಬ ಚಿತ್ರ ಬರೆಯುವ ಫಲಕ ಚೆನ್ನಾಗಿ ಮಾರಾಟವಾಯಿತೆಂದು, ಮರುವರ್ಷ ಅದನ್ನೇ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ಕ್ಕೂ ತಯಾರಿಸಿ 80 ಡಾಲರ್ ಬೆಲೆ ಹಚ್ಚಿದರು. ಆ ಯಂತ್ರಗಳನ್ನು ಇಟ್ಟುಕೊಂಡವರಿಗೆ ಮಕ್ಕಳ ಚಿತ್ರಫಲಕ ಬೇಕಾಗಿರಲಿಲ್ಲ. ಸುಮಾರು 14 ಲಕ್ಷ ಫಲಕಗಳು ಮಾರಾಟವಾಗದೆ ಉಳಿದು, ವರಮಾನ ನಿರೀಕ್ಷೆಗಿಂತ ಸುಮಾರು 10 ಕೋಟಿ ಡಾಲರಿನಷ್ಟು ಕುಸಿಯಿತು. ಅಂಗಡಿ ವ್ಯಾಪಾರದ ಕಷ್ಟವೇ ಇದು: ವಸ್ತುವನ್ನು ಮೊದಲೇ ತಯಾರಿಸಿ, ಸಾಗಿಸಿ, ಅಂಗಡಿಯವನ ಲಾಭಾಂಶವನ್ನು ಬಿಟ್ಟುಕೊಟ್ಟು, ಮಾರಾಟವಾಗದಿದ್ದರೆ ಬೆಲೆ ಇಳಿಸಿದ ನಷ್ಟವನ್ನೂ ಪ್ರಕಾಶಕನೇ ಹೊರಬೇಕು. 2012ರ ಜನವರಿಯಲ್ಲಿ ಸಂಸ್ಥೆ ಮಕ್ಕಳ ಸಿನಿಮಾ ಮತ್ತು ಕಾರ್ಟೂನ್ ಪರವಾನಗಿಯ ಆಟಗಳಿಂದ ಹಿಂದೆ ಸರಿಯುವುದಾಗಿ ಘೋಷಿಸಿದಾಗ, ಷೇರಿನ ಬೆಲೆ ಒಂದು ಡಾಲರಿಗಿಂತ ಕೆಳಗಿತ್ತು.

ಡಿಜಿಟಲ್ ಕಡೆಗೆ ಅವರು ಇಟ್ಟ ಮೊದಲ ಹೆಜ್ಜೆಗಳು ನನ್ನ ದೃಷ್ಟಿಯಲ್ಲಿ ಬರೀ ನಾಮಫಲಕ ಬದಲಿಸುವ ಕೆಲಸವಾಗಿದ್ದವು. ಫೀನಿಕ್ಸ್ ನಗರದ ರೇನ್‌ಬೋ ಸ್ಟುಡಿಯೋಗೆ ‘ಟಿಎಚ್‌ಕ್ಯೂ ಡಿಜಿಟಲ್ ಸ್ಟುಡಿಯೋಸ್’ ಎಂದು ಹೆಸರಿಟ್ಟು, ‘ಎಂಎಕ್ಸ್ ವರ್ಸಸ್ ಎಟಿವಿ ಅಲೈವ್’ ಎಂಬ ಬೈಕ್ ಪಂದ್ಯದ ಆಟವನ್ನು 2011ರಲ್ಲಿ 40 ಡಾಲರಿಗೆ ಮಾರುಕಟ್ಟೆಗಿಳಿಸಿ, ಉಳಿದ ಪಂದ್ಯದ ಹಾದಿಗಳನ್ನೂ ಗಾಡಿಗಳನ್ನೂ ಡೌನ್‌ಲೋಡ್ ಪ್ಯಾಕ್‌ಗಳಾಗಿ ಮಾರುವ ಲೆಕ್ಕ ಹಾಕಿದರು. ಡಬ್ಬಿಯಲ್ಲಿ ಕೊಟ್ಟದ್ದು ಕಡಿಮೆಯಾಯಿತೆಂದು ಕೊಂಡವರು ಗೊಣಗಿದರು, ಅದೇ ವರ್ಷ ಸ್ಟುಡಿಯೋಗೆ ಬೀಗ ಬಿತ್ತು. ಅಂಗಡಿಯ ಬೆಲೆಯನ್ನೂ ಡಿಜಿಟಲ್ ಬೆಲೆಯನ್ನೂ ಒಂದೇ ಗಿರಾಕಿಯಿಂದ ವಸೂಲು ಮಾಡುವ ಈ ಯೋಚನೆ ಕೆಟ್ಟದ್ದೇ ಆಗಿತ್ತು.

ನಿಜವಾಗಿ ಕೆಲಸ ಮಾಡಿದ ಡಿಜಿಟಲ್ ಮಾರಾಟ ಬಂದದ್ದು ಉಸಿರು ಕಟ್ಟುವ ಹೊತ್ತಿಗೆ. 2012ರ ನವೆಂಬರ್ ಕೊನೆಯಲ್ಲಿ ಹಂಬಲ್ ಬಂಡಲ್ ತಾಣದ ಮೂಲಕ ‘ಡಾರ್ಕ್‌ಸೈಡರ್ಸ್’, ‘ಮೆಟ್ರೋ 2033’, ‘ರೆಡ್ ಫ್ಯಾಕ್ಷನ್: ಆರ್ಮಗೆಡ್ಡಾನ್’, ‘ಕಂಪನಿ ಆಫ್ ಹೀರೋಸ್’ ಇವುಗಳನ್ನು ಮನಸ್ಸಿಗೆ ಬಂದ ಬೆಲೆಗೆ ಕೊಟ್ಟರು, ಒಂದು ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 55 ರೂಪಾಯಿ, ಕೊಟ್ಟವರಿಗೂ ಆಟಗಳನ್ನು ಸ್ಟೀಮ್‌ನಲ್ಲಿ ತೆರೆಯುವ ಕೀಲಿ ಸಿಗುತ್ತಿತ್ತು, ಸರಾಸರಿಗಿಂತ ಹೆಚ್ಚು ಕೊಟ್ಟವರಿಗೆ ‘ಸೇಂಟ್ಸ್ ರೋ: ದಿ ಥರ್ಡ್’ ಕೂಡ ಬರುತ್ತಿತ್ತು. ಹಣ ಪ್ರಕಾಶಕನಿಗೆಷ್ಟು, ದಾನಕ್ಕೆಷ್ಟು ಎಂಬುದನ್ನು ಕೊಳ್ಳುವವರೇ ಹಂಚಬಹುದಿತ್ತು. ಸಣ್ಣ ಸ್ವತಂತ್ರ ತಂಡಗಳಿಗೆಂದು, ನಕಲು ತಡೆಯುವ ಬೀಗವಿಲ್ಲದ ಆಟಗಳಿಗೆಂದು ಹೆಸರಾಗಿದ್ದ ಆ ತಾಣದಲ್ಲಿ ವಿಂಡೋಸ್‌ಗೆ ಮಾತ್ರ ಸೀಮಿತವಾದ ದೊಡ್ಡ ಕಂಪನಿಯ ಸರಕು ಬಂದದ್ದಕ್ಕೆ ಆಕ್ಷೇಪಣೆಗಳೂ ಇದ್ದವು, ಅವು ನ್ಯಾಯವೇ. ಆದರೂ ಆಟಗಳ 8 ಲಕ್ಷಕ್ಕೂ ಹೆಚ್ಚು ಗಂಟುಗಳು ಮಾರಾಟವಾಗಿ ಸುಮಾರು 50 ಲಕ್ಷ ಡಾಲರ್ ಸಂಗ್ರಹವಾಯಿತು. ಹಳೆಯ ಆಟಗಳಿಗೆ ಇಷ್ಟು ಜನ ಕಾಯುತ್ತಿದ್ದರೆಂಬುದು ಸಂಸ್ಥೆಗೆ ಗೊತ್ತಾದ ಮೂರೇ ವಾರಕ್ಕೆ, ಡಿಸೆಂಬರ್ 19ರಂದು, ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಮರುತಿಂಗಳ ಹರಾಜಿನಲ್ಲಿ ‘ಕಂಪನಿ ಆಫ್ ಹೀರೋಸ್’ ಮಾಡಿದ ರೆಲಿಕ್ ತಂಡ ಸೆಗಾ ಪಾಲಾಯಿತು, ‘ಸೇಂಟ್ಸ್ ರೋ’ ಮತ್ತು ‘ಮೆಟ್ರೋ’ ಕಾಕ್ ಮೀಡಿಯಾ ಎಂಬ ಪ್ರಕಾಶನ ಸಂಸ್ಥೆಗೆ ಹೋದವು. ಯಾರೂ ಅಷ್ಟಾಗಿ ಆಸೆ ಪಡದೆ ಉಳಿದವುಗಳನ್ನು 2013ರ ಏಪ್ರಿಲ್‌ನಲ್ಲಿ ನಾರ್ಡಿಕ್ ಗೇಮ್ಸ್ ಎಂಬ ಪ್ರಕಾಶನ ಸಂಸ್ಥೆ 49 ಲಕ್ಷ ಡಾಲರಿಗೆ ಬಾಚಿಕೊಂಡಿತು. ಇಂದಿನ ಕೊಳ್ಳುಗರಿಗೆ ಅತ್ಯಂತ ಲಾಭವಾದದ್ದು ಈ ಉಳಿಕೆ ಮಾಲಿನಿಂದಲೇ ಎಂಬುದು ನನ್ನ ಅಭಿಪ್ರಾಯ.

‘ರೆಡ್ ಫ್ಯಾಕ್ಷನ್: ಗೆರಿಲ್ಲಾ’ವನ್ನೇ ನೋಡಿ. ಮಂಗಳ ಗ್ರಹದ ಗಣಿ ಎಂಜಿನಿಯರ್ ಅಲೆಕ್ ಮೇಸನ್ ಕೈಗೆ ಸುತ್ತಿಗೆ ಕೊಟ್ಟು, ಎದುರಿರುವ ಕಟ್ಟಡವನ್ನು ಎಲ್ಲಿಂದ ಒಡೆಯಬೇಕೆಂಬ ನಿರ್ಧಾರವನ್ನು ನಮಗೇ ಬಿಡುವ ಆಟವಿದು. ಗೋಡೆಗೆ ತೂತು ಕೊರೆದು ಒಳನುಗ್ಗಬಹುದು, ಅಥವಾ ತಳದ ಕಂಬಗಳನ್ನು ಒಂದೊಂದಾಗಿ ಮುರಿದು, ಮೇಲಿನ ಅಂತಸ್ತು ತನ್ನ ಭಾರಕ್ಕೆ ತಾನೇ ನರಳಿ, ಓರೆಯಾಗಿ, ಕೆಳಗಿನ ಕಾವಲುಗಾರರ ಸಮೇತ ಕುಸಿಯುವುದನ್ನು ದೂರ ನಿಂತು ನೋಡಬಹುದು. ನಂತರ ಅವಶೇಷಗಳ ನಡುವೆ ಹೊಳೆಯುವ ಲೋಹದ ತುಣುಕುಗಳನ್ನು ಆಯ್ದು ಹೊಸ ಆಯುಧ ಕೊಳ್ಳಬಹುದು. 2009ರ ಈ ಆಟದಷ್ಟು ಮನದಣಿಯೆ ಕೆಡವಲು ಬಿಡುವ ಆಟಗಳು ಆಮೇಲೆ ಬಂದದ್ದು ಕಡಿಮೆ. ಆದರೆ ಮೂಲ ಪಿಸಿ ಆವೃತ್ತಿ ಮೈಕ್ರೋಸಾಫ್ಟಿನ ‘ಗೇಮ್ಸ್ ಫಾರ್ ವಿಂಡೋಸ್ ಲೈವ್’ ಸೇವೆಗೆ ಕಟ್ಟುಬಿದ್ದಿತ್ತು. ನಾರ್ಡಿಕ್ 2014ರಲ್ಲಿ ಆ ಕಟ್ಟನ್ನು ಬಿಚ್ಚಿ ಸ್ಟೀಮ್‌ಗೆ ವರ್ಗಾಯಿಸಿತು. 2018ರಲ್ಲಿ ಚಿತ್ರಣ ತಿದ್ದಿದ ‘ರೀ-ಮಾರ್ಸ್-ಟರ್ಡ್’ ಆವೃತ್ತಿ ತಂದು, ಹಳೆಯದನ್ನು ಸ್ಟೀಮ್‌ನಲ್ಲಿ ಹೊಂದಿದ್ದವರಿಗೆ ಉಚಿತವಾಗಿ ಕೊಟ್ಟಿತು. (ಹೆಸರಿನ ಚಮತ್ಕಾರವನ್ನು ಕ್ಷಮಿಸಬಹುದು.) 2016ರ ‘ಡಾರ್ಕ್‌ಸೈಡರ್ಸ್ ವಾರ್‌ಮಾಸ್ಟರ್ಡ್’, ‘ಟೈಟಾನ್ ಕ್ವೆಸ್ಟ್ ಆನಿವರ್ಸರಿ’ಗಳ ವಿಷಯದಲ್ಲೂ ಹೀಗೆಯೇ ನಡೆದುಕೊಂಡರು. ‘ಗೆರಿಲ್ಲಾ’ದ ಕಥೆ ಮಾತ್ರ ತೆಳುವಾದದ್ದೇ, ಸೋದರ ಸತ್ತ, ಸೇಡು ತೀರಿಸು ಎಂಬಷ್ಟು, ಚಿತ್ರ ತಿದ್ದಿದ ಮಾತ್ರಕ್ಕೆ ಅದು ದಪ್ಪವಾಗುವುದಿಲ್ಲ.

‘ಮೆಟ್ರೋ 2033’ರ ‘ರಿಡಕ್ಸ್’ ಆವೃತ್ತಿ ನೋಡಲು ಇವೆಲ್ಲಕ್ಕಿಂತ ಸೊಗಸು, ಆದರೆ ಅದನ್ನು ಹಳಬರಿಗೆ ಬಿಟ್ಟಿಯಾಗಿ ಕೊಡಲಿಲ್ಲ, ರಿಯಾಯಿತಿಯಲ್ಲಿ ಮಾರಿದರು. ‘ಸೇಂಟ್ಸ್ ರೋ 2’ರ ಪಿಸಿ ಆವೃತ್ತಿಯ ದೋಷಗಳು ಕುಪ್ರಸಿದ್ಧ. ಕಳೆದುಹೋಗಿದ್ದ ಅದರ ಮೂಲ ಕೋಡ್ ಸಿಕ್ಕಿದೆ, ದುರಸ್ತಿ ಮಾಡುತ್ತೇವೆ ಎಂದು 2019ರಲ್ಲಿ ಆ ಆಟ ಮಾಡಿದ ವೊಲಿಷನ್ ಸ್ಟುಡಿಯೋ ಹೇಳಿತ್ತು; 2023ರ ಆಗಸ್ಟ್‌ನಲ್ಲಿ ಆ ಸ್ಟುಡಿಯೋ ಮುಚ್ಚಿತು. ಟಿಎಚ್‌ಕ್ಯೂ ಹೆಸರನ್ನೂ ಕೊಂಡುಕೊಂಡು 2016ರಲ್ಲಿ ಟಿಎಚ್‌ಕ್ಯೂ ನಾರ್ಡಿಕ್ ಆಗಿ, 2018ರಲ್ಲಿ ಕಾಕ್ ಮೀಡಿಯಾವನ್ನೇ ಖರೀದಿಸಿದ ನಾರ್ಡಿಕ್ ಗೇಮ್ಸ್ ಗುಂಪು, ನಂತರದ ಎಂಬ್ರೇಸರ್, ತಾನೇ ಹಣದ ಇಕ್ಕಟ್ಟಿಗೆ ಸಿಕ್ಕಿ ಸ್ಟುಡಿಯೋಗಳನ್ನು ಮುಚ್ಚಿದ ಕಾಲವದು. ಕುಸ್ತಿಪ್ರಿಯರಿಗಂತೂ ಇಲ್ಲಿ ಏನೂ ಇಲ್ಲ: ಡಬ್ಲ್ಯುಡಬ್ಲ್ಯುಇ ಪರವಾನಗಿ ಟೇಕ್-ಟೂ ಎಂಬ ಬೇರೊಂದು ಪ್ರಕಾಶನ ಸಂಸ್ಥೆಗೆ ಹೋದ ಮೇಲೆ, ಟಿಎಚ್‌ಕ್ಯೂ ಕಾಲದ ಆ ಆಟಗಳಿಗೆ ಹಳೆಯ ಡಿಸ್ಕ್‌ಗಳೇ ಗತಿ.

ಸ್ಟೀಮ್ 2015ರ ಕೊನೆಯಲ್ಲಿ ರೂಪಾಯಿ ಬೆಲೆ ಆರಂಭಿಸಿದ ಮೇಲೆ ಈ ಆಟಗಳನ್ನು ಇಲ್ಲಿ ಕೊಳ್ಳುವುದು ಸುಲಭವಾಗಿದೆ, ರಿಯಾಯಿತಿ ದಿನಗಳಲ್ಲಿ ಅಗ್ಗವೂ ಹೌದು. ಮೊದಲು ‘ಗೆರಿಲ್ಲಾ’, ಆಮೇಲೆ ‘ಟೈಟಾನ್ ಕ್ವೆಸ್ಟ್’ ಎಂಬುದು ನನ್ನ ಶಿಫಾರಸು. ‘ಸೇಂಟ್ಸ್ ರೋ’ ಬೇಕೆನ್ನುವವರು ಎರಡನೆಯದನ್ನು ಬಿಟ್ಟು ನೇರವಾಗಿ ಮೂರನೆಯದನ್ನು ಕೊಳ್ಳಲಿ.