ಹಳೆಯ ಮನೆ ಕೊಳ್ಳುವವರೇ, “ರಿಪೇರಿ ಸಾಲ ಆಮೇಲೆ ಬರುತ್ತದೆ” ಎಂಬ ಮಾತನ್ನು ನಂಬಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ನನಗೆ ಹಳೆಯ ಮನೆ ತೋರಿಸಿ, ರಿಪೇರಿ ಸಾಲ ಬರುತ್ತದೆಂದು ನಂಬಿಸಿದ ಏಜೆಂಟ್ ಈಗ ನಮ್ಮ ಶಾಲೆಯ ಇನ್ನೊಬ್ಬ ಅಕ್ಕೋರ (ಶಿಕ್ಷಕಿಯ) ಮನೆಗೂ ಹೋಗಿ ಬಂದಿದ್ದಾನೆ ಎಂದು ನಿನ್ನೆ ತಿಳಿಯಿತು.

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಹತ್ತಿರ ಐದು ಗುಂಟೆ ಜಾಗ, ಅದರಲ್ಲಿ ಹಳೆಯ ಚಿರೆಕಲ್ಲಿನ ಮನೆ. ಮಂಗಳೂರು ಹೆಂಚು, ಗೆದ್ದಲು ತಿಂದ ಪಕಾಸು, ಮಣ್ಣಿನ ಗಾರೆಯ ಗೋಡೆ. 28 ಲಕ್ಷಕ್ಕೆ ಮಾತಾಯಿತು. ರಿಪೇರಿಗೆ ಇನ್ನೂ 7 ಲಕ್ಷ ಬೇಕೆಂದು ಮೇಸ್ತ್ರಿ ಹೇಳಿದ್ದರು. ಏಜೆಂಟ್ ಹೇಳಿದ್ದು ಇಷ್ಟು: “ಅಕ್ಕೋರೇ, 30 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 90ರಷ್ಟು ಕೊಡುತ್ತಾರೆ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ರಿಪೇರಿಯ ಹಣ ನೋಂದಣಿಯಾದ ಹದಿನೈದು ದಿನಕ್ಕೆ ಬರುತ್ತದೆ.” ನಂಬಿದೆ. 3 ಲಕ್ಷ ಮುಂಗಡ ಕೊಟ್ಟು ಕರಾರು ಮಾಡಿಕೊಂಡೆ. ಮೂರು ತಿಂಗಳೊಳಗೆ ನೋಂದಣಿಯಾಗದಿದ್ದರೆ ಮುಂಗಡ ವಾಪಸಿಲ್ಲ. ಫೈಲ್ ಖರ್ಚೆಂದು ಅವನಿಗೆ 15,000 ನಗದು ಕೊಟ್ಟೆ. ರಸೀದಿ ಇಲ್ಲ.

ಶೇಕಡಾ 90 ಎಂಬುದು ಗರಿಷ್ಠ ಮಿತಿ, ಅಷ್ಟು ಕೊಡಲೇಬೇಕೆಂದಲ್ಲ. ಅದೂ ನಾವು ಕೊಡುವ ಬೆಲೆಯ ಮೇಲಲ್ಲ, ಬ್ಯಾಂಕಿನ ಎಂಜಿನಿಯರ್ ಕಟ್ಟಿದ ಬೆಲೆಯ ಮೇಲೆ. ಆತ ಹತ್ತು ನಿಮಿಷ ಸುತ್ತಾಡಿ 22 ಲಕ್ಷ ಎಂದು ಬರೆದ, ಹೆಚ್ಚುಕಡಿಮೆ ಎಲ್ಲವೂ ಜಾಗದ ಬೆಲೆ. ಅದರ ಶೇಕಡಾ 80ರಂತೆ ಮಂಜೂರಾದದ್ದು 17.6 ಲಕ್ಷ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ಆಗಲೇ ನಿಲ್ಲಿಸಬೇಕಿತ್ತು. ಮುಂಗಡ ಹೋಗುತ್ತದೆಂಬ ಹೆದರಿಕೆಗೆ ಅಮ್ಮನ ಚಿನ್ನ ಅಡವಿಟ್ಟೆ, ಭವಿಷ್ಯ ನಿಧಿಯಿಂದಲೂ ತೆಗೆದೆ. ಏಪ್ರಿಲ್‌ನಲ್ಲಿ ನೋಂದಣಿಯಾಯಿತು. ಹಣ ಬಂದೇಬರುತ್ತದೆಂದು ಮೇ ತಿಂಗಳಲ್ಲಿ ಹೆಂಚು ಇಳಿಸಿದೆ.

ಹದಿನೈದು ದಿನ ಕಳೆಯಿತು, ತಿಂಗಳೂ ಕಳೆಯಿತು. ಬ್ಯಾಂಕಿಗೆ ಹೋದೆ. ಮ್ಯಾನೇಜರ್ ನನ್ನ ಫೈಲ್ ತೆಗೆದು ಮಂಜೂರಾತಿ ಪತ್ರವನ್ನು ನನ್ನ ಕಡೆ ತಿರುಗಿಸಿ ಇಟ್ಟರು. “ಮೇಡಂ, ಇದರಲ್ಲಿ ರಿಪೇರಿ ಎಂಬ ಶಬ್ದ ಎಲ್ಲಿದೆ, ತೋರಿಸಿ.” ನಾಲ್ಕು ಪುಟ ಹುಡುಕಿದೆ. ಇರಲಿಲ್ಲ. ಪ್ರತಿ ಪುಟದ ಕೆಳಗೆ ನನ್ನ ಸಹಿ ಇತ್ತು. ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ರಿಪೇರಿ ಸಾಲಕ್ಕೆ ಬೇರೆಯೇ ಅರ್ಜಿ, ಎಂಜಿನಿಯರ್ ಅಂದಾಜುಪಟ್ಟಿ, ಪಂಚಾಯತಿ ಅನುಮತಿ, ಅಳಿವೆ ಹತ್ತಿರವಿರುವುದರಿಂದ ಕರಾವಳಿ ನಿಯಂತ್ರಣ ವಲಯದ ಪತ್ರ ಬೇಕು. ಇವೆಲ್ಲ ತಂದರೂ ಈ ಮನೆಯ ಮೇಲೆ ಇನ್ನು ಸಾಲ ಹುಟ್ಟುವುದಿಲ್ಲ ಎಂದರು.

ಹೊರಗೆ ಬಂದು ಏಜೆಂಟನಿಗೆ ಫೋನ್ ಮಾಡಿದೆ. “ಸಾಲ ಸಿಗುತ್ತದೆ ಎಂದಿದ್ದೆ, ಸಿಕ್ಕಿತಲ್ಲ ಅಕ್ಕೋರೇ?” ರಿಪೇರಿಯದು? “ಅದು ಬ್ಯಾಂಕಿನವರ ಮರ್ಜಿ. ನಾನು ಬರೆದುಕೊಟ್ಟಿದ್ದೇನೆಯೇ?” ಬರೆದುಕೊಟ್ಟಿದ್ದೇನೆಯೇ! ನನ್ನ ಮನೆಯ ಚಾವಡಿಯಲ್ಲಿ ಕುಳಿತು, ಚಹಾ ಕುಡಿದು, ನನ್ನ ತಾಯಿಯ ಎದುರಿಗೆ ಹೇಳಿದ ಮಾತು ಅದು. ರಿಪೇರಿ ಸಾಲದ ಬಡ್ಡಿಗೂ 2 ಲಕ್ಷದವರೆಗೆ ತೆರಿಗೆ ವಿನಾಯಿತಿ ಎಂದಿದ್ದ, ಅದೂ ಸುಳ್ಳು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೂ ರಿಪೇರಿಗೆ ಸಿಗುವುದು ವರ್ಷಕ್ಕೆ 30,000 ಮಾತ್ರ. 15,000 ವಾಪಸು ಕೇಳಿದೆ. “ಯಾವ ಹದಿನೈದು ಸಾವಿರ?” ಎಂದ.

ದಯವಿಟ್ಟು ಕೇಳಿ. ಬ್ಯಾಂಕು ಬೆಲೆ ಕಟ್ಟುವ ಮೊದಲು ಮುಂಗಡ ಕೊಡಬೇಡಿ. ಕೊಡಲೇಬೇಕಾದರೆ, ಸಾಲ ಸಿಗದಿದ್ದರೆ ಮುಂಗಡ ವಾಪಸು ಎಂದು ಕರಾರಿನಲ್ಲೇ ಬರೆಸಿ. ಖರೀದಿಯ ಜೊತೆಗೆ ರಿಪೇರಿಯೂ ಮಂಜೂರಾತಿ ಪತ್ರದಲ್ಲಿ ಇರಬೇಕು, ಮೊತ್ತದ ಸಮೇತ. ಸಾಲದ ಮೊತ್ತ, ಬಡ್ಡಿ, ಶುಲ್ಕಗಳನ್ನು ಒಂದೇ ಕಡೆ ಬರೆದ ಮುಖ್ಯಾಂಶಗಳ ಪತ್ರವನ್ನು 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡಲೇಬೇಕು. ನನಗೂ ಕೊಟ್ಟಿದ್ದರು, ನಾನು ಓದಲಿಲ್ಲ. ಹಣ ಖಾತೆಗೆ ಬೀಳುವವರೆಗೆ ಒಂದು ಹೆಂಚನ್ನೂ ಇಳಿಸಬೇಡಿ.

ಜೂನ್ ಮಳೆಗೆ ತಾಡಪತ್ರಿ ಹಾರಿಹೋಗಿ ಹಿಂಬದಿಯ ಗೋಡೆ ನೆನೆದು ಕುಸಿಯಿತು. ಇಳಿಸಿದ ಹೆಂಚು ಅಂಗಳದಲ್ಲಿ ಪಾಚಿಗಟ್ಟಿ ಬಿದ್ದಿದೆ. ಸಾಲದ ಕಂತು ಪ್ರತಿ ತಿಂಗಳು 5ನೇ ತಾರೀಕಿಗೆ ಕಡಿತವಾಗುತ್ತಿದೆ, ಬಾಡಿಗೆ ಮನೆಯ ಬಾಡಿಗೆಯೂ ತಪ್ಪಿಲ್ಲ.